ಮೈಲಪ್ಪನಿಗೆ ಕಟ್ಟಿದ ಬುತ್ತಿ

ಮರಳು ಹೋಗುತ್ತಲೇ ಇರಲಿಲ್ಲ. ದಾವಣಗೆರೆಯ ಆನೆಕೊಂಡದಲ್ಲಿ ಗಾಡಿ ತೊಳೆಯುವ ಅಮ್ಜದ್ ಕಾರಿನ ಮ್ಯಾಟುಗಳನ್ನು ಗೋಡೆಗೆ ಒರಗಿಸಿ ಪೈಪು ಹಿಡಿದಿದ್ದ. ನೀರು ಮೊದಲು ಕೆಂಪಗೆ ಹರಿದು, ಆಮೇಲೆ ತಿಳಿಯಾಗಿ, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಎಲ್ಲಿಂದಲೋ ಬೆಳ್ಳನೆಯ ಸಣ್ಣ ಮರಳು ಜಾರಿ ಬರುತ್ತಿತ್ತು. ಅಂಜನಕುಮಾರ ಪ್ಯಾಂಟು ನೆನೆಯುವುದನ್ನೂ ಲೆಕ್ಕಿಸದೆ ಪಕ್ಕದಲ್ಲೇ ನಿಂತು, ಸೀಟಿನ ಕೆಳಗೆ ಇನ್ನೊಂದು ಸಲ ನೋಡು, ಡಿಕ್ಕಿಯೊಳಗೆ ನೋಡು ಎಂದು ಕಾಡುತ್ತಿದ್ದ. "ಎಲ್ಲಿಗೆ ಹೋಗಿದ್ರಿ ಸರ್, ಗೋಕರ್ಣಕ್ಕಾ?" ಎಂದು ಅಮ್ಜದ್ ನಗುತ್ತಾ ಕೇಳಿದ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕಾರು ತೊಳೆಯುವವನ ಹತ್ತಿರ ಸುಳ್ಳು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ಆದರೂ "ಇಲ್ಲಪ್ಪ, ಒಂದು ಸಾವಿಗೆ ಹೋಗಿದ್ವಿ" ಎಂಬ ಮಾತು ತಾನಾಗಿಯೇ ಬಾಯಿಂದ ಬಿತ್ತು. ಅಮ್ಜದ್ ನಗು ನಿಲ್ಲಿಸಿ ನೀರಿನ ಜೋರು ಕಡಿಮೆ ಮಾಡಿದ. "ಹತ್ತಿರದೋರಾ ಸರ್?" "ಹತ್ತಿರದವರೇನಲ್ಲ." ಒಂದು ಸಾವಿನಿಂದ ಇಷ್ಟೊಂದು ಮರಳು ಹೇಗೆ ಬಂತು ಎಂದು ಅಮ್ಜದ್ ಕೇಳಲಿಲ್ಲ, ತಲೆ ತಗ್ಗಿಸಿ ಡಿಕ್ಕಿಗೆ ನೀರು ಹಿಡಿದ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಒಂದು ಸಾವು ಮಾಡುವುದಕ್ಕೆ ಅವನಿಗೆ ಒಂದೇ ಸುಳ್ಳು ಸಾಕಾಗಿತ್ತು. ದೇವರಾಜ ಅರಸು ಬಡಾವಣೆಯ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದ: "ಅವ್ವ, ಕುಮಟಾದ ಮೈಲಪ್ಪ ಹೋದನಂತೆ. ರಾತ್ರಿ ಫೋನ್ ಬಂದಿತ್ತು. ನಾವು ಹೋಗಿ ಮಾತಾಡಿಸಿಕೊಂಡು ಬರ್ತೀವಿ. ನಿನಗೆ ಘಾಟಿ ಆಗಾದಿಲ್ಲ, ಹರಿಹರದಾಗೆ ಅಕ್ಕನ ಮನೆಗೆ ಬಿಟ್ಟು ಹೋಗ್ತೀವಿ." ಓಬವ್ವ ತೊಗರಿಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. "ಯಾರು?" "ಮೈಲಪ್ಪ. ಬಸ್ ಓಡಿಸ್ತಿದ್ದನಲ್ಲ." "ಯಾವಾಗ ಹೋದ?" "ರಾತ್ರಿನೇ ಅಂತೆ." ಅವಳು ಬಹಳ ಹೊತ್ತು ನೋಡಿದಳು. ಅದು ದುಃಖವಿರಬೇಕೆಂದು ಅಂದುಕೊಂಡು ಅವನು ಕಣ್ಣು ಚಹಾಕ್ಕೆ ಇಳಿಸಿದ್ದ. ಆಮೇಲೆ ಅವಳು ಎದ್ದು, ಜೋಳದ ಹಿಟ್ಟಿನ ಡಬ್ಬಿ ಇಳಿಸಿ ರೊಟ್ಟಿ ಬಡಿಯಲು ಕೂತಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹೋಗುವ ನೆಂಟರು ಬುತ್ತಿ ಒಯ್ಯಬೇಕು. ಅದು ಅವನಿಗೆ ನೆನಪೇ ಇರಲಿಲ್ಲ. ರೊಟ್ಟಿಯ ಸದ್ದು ನಡುಮನೆಯವರೆಗೂ ಕೇಳುತ್ತಿದ್ದಾಗ ಹೆಂಡತಿ ಯಶೋದಾ ಕೋಣೆಯಲ್ಲಿ ಮಕ್ಕಳ ಈಜುವ ಬಟ್ಟೆಗಳನ್ನು ಬ್ಯಾಗಿನ ತಳಕ್ಕೆ ತುರುಕುತ್ತಾ, "ನಿಮ್ಮ ಮೈ ತಡಿಯಾದಿಲ್ಲ, ಈ ಸಲ ಬರಬ್ಯಾಡ್ರಿ ಅಂತ ನೇರ ಹೇಳಿದ್ರೆ ಆಗ್ತಿತ್ತು. ಇದೇನು ಅಪಶಕುನ" ಎಂದಿದ್ದಳು. ಅಷ್ಟು ಹೇಳುವುದೇ ಅವನಿಗೆ ಆಗುತ್ತಿರಲಿಲ್ಲ. ಸಾವಾದರೆ ಸಲೀಸು. ಸಾವಿಗೆ ಹೊರಟವರು ಹೋಗಿ ಬರ್ತೀವಿ ಅಂತ ಹೇಳುವ ಹಾಗೂ ಇಲ್ಲ, ಸುಮ್ಮನೆ ಎದ್ದು ಹೋಗಬೇಕು.

ಅವನ ಕಸುಬೇ ಜನರನ್ನು ಸಮುದ್ರಕ್ಕೆ ಕಳಿಸುವುದು. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಒಂದು ಚಿಕ್ಕ ಟ್ರಾವೆಲ್ಸ್ ಆಫೀಸು. ರಜೆ ಬಂತೆಂದರೆ ಜವಳಿ ಅಂಗಡಿಯವರು, ಮಾಸ್ತರರು, ಮಂಡಿ ವ್ಯಾಪಾರಿಗಳು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಅವನ ಹತ್ತಿರ ಬರುತ್ತಿದ್ದರು. ಎಲ್ಲಿ ಗಾಡಿ ನಿಲ್ಲಿಸಿದರೆ ಕಣಿವೆ ಕಾಣುತ್ತದೆ, ಯಾವ ದಂಡೆಯಲ್ಲಿ ಜನ ಕಡಿಮೆ, ಸೂರ್ಯ ಮುಳುಗುವುದನ್ನು ಎಲ್ಲಿ ನಿಂತು ನೋಡಬೇಕು, ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಿದ್ದ. ಶಿರಸಿ ದಾಟಿ ದೇವಿಮನೆ ಘಾಟಿ ಇಳಿದು, ಕುಮಟಾ ಬಿಟ್ಟ ಮೇಲೆ ಒಂದು ಏರು ಬರುತ್ತದೆ. ಅಲ್ಲಿ ಒಮ್ಮೆ ಹಾರನ್ ಹೊಡೆಯಿರಿ, ಸಮುದ್ರ ಎದ್ದು ನಿಲ್ಲುತ್ತದೆ ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳುತ್ತಿದ್ದವು, ಅಪ್ಪಂದಿರು ಜೇಬಿಗೆ ಕೈ ಹಾಕುತ್ತಿದ್ದರು. "ನಮ್ಮ ತಾಯಿಗೆ ಘಾಟಿ ಆಗಾದಿಲ್ಲ" ಎಂದು ಯಾರಾದರೂ ಅಳುಕಿದರೆ, "ಮುಂದಿನ ಸೀಟಿನಾಗೆ ಕೂಡ್ರಿಸ್ರಿ, ಕೈಯಾಗೆ ಒಂದು ನಿಂಬೆಹಣ್ಣು ಕೊಡ್ರಿ, ಏನೂ ಆಗಾದಿಲ್ಲ" ಅನ್ನುವವನೂ ಅವನೇ. ಒಮ್ಮೆ ಊಟ ತಂದುಕೊಟ್ಟ ಓಬವ್ವ ಆಫೀಸಿನ ಗೋಡೆ ಮೇಲಿನ ನೀಲಿ ಚಿತ್ರಗಳ ಮುಂದೆ ನಿಂತು, "ಇಷ್ಟು ಜನ ಮುದುಕಿಯರು ಹೋಗ್ತಾರಲ್ಲ ಕುಮಾರ, ಅವರಿಗೆಲ್ಲ ವಾಂತಿ ಆಗಾದಿಲ್ಲೇನು?" ಎಂದು ಕೇಳಿದ್ದಳು. ಅವಳು ಸಮುದ್ರದ ಮಾತೆತ್ತಿದ್ದು ಅದೊಂದೇ ಸಲ. ಅವನು ನಕ್ಕು ಡಬ್ಬಿ ಬಿಚ್ಚಿದ್ದ. ಹೊಸ ಕಾರು ತಂದ ವರ್ಷ ಜೋಗಕ್ಕೆ ಹೊರಟಾಗ ಅವಳು ಹಿಂದಿನ ಸೀಟಿನಲ್ಲಿ, ಮಕ್ಕಳ ನಡುವೆ, ತಡೆಯಲಾಗದೆ ಕಕ್ಕಿಕೊಂಡಿದ್ದಳು. ಯಶೋದಾಳ ತಮ್ಮ ವೀರೇಶ್ "ಅಯ್ಯೋ, ಹೊಸಾ ಗಾಡಿ" ಎಂದು ಮೂಗು ಮುಚ್ಚಿಕೊಂಡು ಕೆಳಗಿಳಿದಿದ್ದ. ಅವಳು ತನ್ನ ಸೆರಗಿನಿಂದಲೇ ಸೀಟು ಒರೆಸುತ್ತಾ "ತಪ್ಪಾತಪ್ಪ, ತಪ್ಪಾತು" ಅನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳು, ಮಗನಿಗೋ ಕಾರಿಗೋ, ಅವನಿಗೆ ಈವತ್ತಿಗೂ ತಿಳಿಯದು. ಬಿಡವ್ವ, ನಾನು ಒರೆಸ್ತೀನಿ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ, ಅದೊಂದು ಮಾತ್ರ ಚೆನ್ನಾಗಿ ತಿಳಿದಿದೆ.

ಅವ್ವನನ್ನು ಕರೆತರಲು ಒಬ್ಬನೇ ಹರಿಹರದ ರಸ್ತೆ ಹಿಡಿದಾಗ ತೊಳೆದ ಕಾರಿನೊಳಗೆ ಸೋಪಿನ ವಾಸನೆ ತುಂಬಿತ್ತು. ಗದ್ದೆ ಕುಯಿಲಿನ ಕಾಲ. ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು ರಸ್ತೆ ತುಂಬ ತೂಗಾಡುತ್ತಾ ಹೋಗುತ್ತಿತ್ತು. ಅವನು ಹಿಂದಿಕ್ಕುವ ಗೋಜಿಗೇ ಹೋಗಲಿಲ್ಲ. ಬೇಗ ತಲುಪುವುದು ಅವನಿಗೆ ಬೇಕಿರಲಿಲ್ಲ. ಅವ್ವ ಕೇಳುತ್ತಾಳೆ. ಹೇಗೆ ಹೋದ, ಯಾರು ಬಾಯಿಗೆ ನೀರು ಬಿಟ್ಟರು, ಹೆಂಡತಿ ಏನೆಂದಳು. ಏನು ಹೇಳುವುದು? ಮೈಲಪ್ಪನ ಹೆಂಡತಿಯ ಹೆಸರೇ ಅವನಿಗೆ ಮರೆತುಹೋಗಿತ್ತು. ಹೆಸರುಗಳಿಗೇನು ಬರವಿತ್ತೇ? ಸಾಯಿಸಲು ಈ ಮೈಲಪ್ಪನೇ ಯಾಕೆ ಸಿಕ್ಕ? ಅವ್ವನ ತವರು ಮಲೆಬೆನ್ನೂರಿನವನು, ಪಕ್ಕದ ಮನೆಯವನು, ವರಸೆಯಲ್ಲಿ ಅಣ್ಣನಾಗಬೇಕು, ಅಷ್ಟೆ. ಬಂದು ಹೋಗಿ ಎಷ್ಟೋ ವರ್ಷವಾಗಿತ್ತು. ಸತ್ತರೂ ಯಾರಿಗೂ ನಷ್ಟವಿಲ್ಲದವನು ಎಂದು ತಾನು ಲೆಕ್ಕ ಹಾಕಿದ್ದೆನೇ? ಇಲ್ಲ, ಲೆಕ್ಕವೇನೂ ಹಾಕಿರಲಿಲ್ಲ. ಸಮುದ್ರ ಎಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಬಾಯಿಗೆ ಬಂದ ಹೆಸರು ಅದು. ಕುಮಟಾ ಬಸ್ಸಿನ ಬಾನೆಟ್ಟಿನ ಮೇಲೆ ಮಡಚಿದ ಟವೆಲು ಹಾಸಿ, ಬಿಸಿ ತಾಗದ ಹಾಗೆ, ಅವನನ್ನು ಕೂರಿಸಿಕೊಂಡು ಹೋದವನು ಮೈಲಪ್ಪ. ಆಗ ಅವನಿಗೆ ಏಳೋ ಎಂಟೋ ವರ್ಷ. ರಜೆಯಲ್ಲಿ ಒಂದೇ ಒಂದು ಸಲ. "ಹೊಡಿಯಲೇ ಕುಮಾರ, ಹಾರನ್ ಹೊಡಿ. ನೋಡು ಹೆಂಗೆ ಎದ್ದೇಳ್ತೈತೆ ಸಮುದ್ರ!" ಅವನು ರಬ್ಬರಿನ ಹಾರನ್ನನ್ನು ಎರಡೂ ಕೈಯಿಂದ ಅದುಮಿದ್ದ, ನೀಲಿ ಎದ್ದು ನಿಂತಿತ್ತು. ತನ್ನ ಆಫೀಸಿನ ಬಾಯಿಪಾಠವೆಲ್ಲ ಆ ಮನುಷ್ಯನ ಬಾಯಿಂದ ಕದ್ದದ್ದು ಎಂದು ಟ್ರ್ಯಾಕ್ಟರಿನ ಹಿಂದೆ ತೆವಳುತ್ತಾ ಹೋಗುವಾಗ ಅವನಿಗೆ ಮೊದಲ ಸಲ ಹೊಳೆಯಿತು. ಅನ್ನ ಕೊಟ್ಟ ಬಾಯಿಗೇ ಮಣ್ಣು ಹಾಕಿದ್ದ.

ಮೊನ್ನೆ ಕುಮಟಾದಲ್ಲಿ, ಜೊತೆಗೆ ಬಂದಿದ್ದ ವೀರೇಶ್ ಚಹಾಕ್ಕೆಂದು ಬಸ್‌ಸ್ಟ್ಯಾಂಡಿನ ಎದುರೇ ಗಾಡಿ ನಿಲ್ಲಿಸಲು ಹೇಳಿದ್ದ. ಎಲ್ಲರೂ ಇಳಿದರು. ಮೈಲಪ್ಪನ ಮನೆ ಅಲ್ಲೇ ಹಿಂದಿನ ಓಣಿಯಲ್ಲೆಲ್ಲೋ. ಮುದುಕ ಸಂಜೆ ಹೊತ್ತು ಬಸ್ಸು ನೋಡಲು ಬಂದು ಕೂರುತ್ತಾನೇನೋ, ತನ್ನನ್ನು ನೋಡಿ "ಏನಲೇ ಕುಮಾರ" ಎಂದು ಬಂದರೆ? ಅಂಜನಕುಮಾರ ತಲೆನೋವಿನ ನೆಪ ಹೇಳಿ ಗಾಜು ಏರಿಸಿಕೊಂಡು, ಮುಖದ ಮೇಲೆ ಟವೆಲು ಎಳೆದುಕೊಂಡು ಕೂತ. ಮಗಳು ಚೈತ್ರಾ ಕಿಟಕಿಯಿಂದ ಬಿಸ್ಕತ್ತು ಚಾಚುತ್ತಾ, "ಅಪ್ಪ, ಇಲ್ಲೇ ಅಲ್ವಾ ಆ ಸತ್ತಿರೋ ಅಜ್ಜನ ಮನೆ?" ಎಂದಾಗ ಅವಳಿಗೆ ಗದರಿದ. ಆಮೇಲೆ ದಂಡೆಯಲ್ಲಿ, ಮಕ್ಕಳು ನೀರಿನಿಂದ ಎದ್ದು ಹಸಿವು ಹಸಿವು ಎಂದು ಓಡಿಬಂದಾಗ, ಯಶೋದಾ ಬೇರೆ ದಾರಿಯಿಲ್ಲದೆ ಬುತ್ತಿಯ ಗಂಟು ಬಿಚ್ಚಿದಳು. ಅವ್ವನ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆ ಎಲೆಯಲ್ಲಿ ಸುತ್ತಿದ ಬದನೆಕಾಯಿ ಪಲ್ಯ. ವೀರೇಶ್ ಎರಡೆರಡು ರೊಟ್ಟಿ ಮಡಚಿ ತಿನ್ನುತ್ತಾ, "ನಿಮ್ಮವ್ವನ ಕೈ ಕೈಯಪ್ಪ ಭಾವ" ಎಂದ. ಅಂಜನಕುಮಾರನೂ ತಿಂದ. ಸತ್ತವನ ಮನೆಗೆಂದು ಕಟ್ಟಿದ್ದು ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು. ಚೆನ್ನಾಗಿಯೇ ಇಳಿಯಿತು, ಹಸಿವಾಗಿತ್ತು. ಕತ್ತಲಾಗುವವರೆಗೂ ಎಲ್ಲರೂ ನಕ್ಕರು.

ಅಕ್ಕ ಭಾಗ್ಯಲಕ್ಷ್ಮಿಯ ಮನೆ ಹರಿಹರೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಅವಳು ಚೊಂಬು ಹಿಡಿದು ಬಾಗಿಲಲ್ಲೇ ತಡೆದಳು. "ಅಲ್ಲೇ ನಿಂತ್ಕ. ಸತ್ತ ಮನೆಯಿಂದ ಬಂದೀಯ, ಕಾಲಿಗೆ ನೀರು ಹಾಕ್ಕಂಡು ಒಳಗೆ ಬಾ." "ಸ್ನಾನ ಮಾಡೇ ಬಂದೀನಕ್ಕ." "ಮಾಡಿದ್ರೂ ಹಾಕ್ಕ, ಮನೆಯಾಗೆ ಸಣ್ಣ ಮಕ್ಕಳದಾವೆ." ಅವನು ಚಪ್ಪಲಿ ಸಮೇತ ಕಾಲು ಚಾಚಿದ. ನೀರು ಬಿದ್ದ ಕೂಡಲೇ ಚಪ್ಪಲಿಯ ಹೊಲಿಗೆಯೊಳಗಿಂದ ಮರಳು ಹೊರಟು, ಕಪ್ಪು ಕಲ್ಲಿನ ಮೆಟ್ಟಿಲ ಮೇಲೆ ಬೆಳ್ಳಗೆ ಹರಡಿತು. ಒಳಗೆ ಕಂಬಕ್ಕೆ ಒರಗಿ ಕೂತಿದ್ದ ಓಬವ್ವನ ಕಣ್ಣು ಮೆಟ್ಟಿಲ ಮೇಲೆಯೇ ಇತ್ತು. ಅಕ್ಕ ನೋಡುವ ಮೊದಲೇ ಅವನು ಚೊಂಬು ಕಿತ್ತುಕೊಂಡು ಉಳಿದ ನೀರನ್ನೆಲ್ಲ ಸುರಿದ. ಅವ್ವ ಎರಡೇ ದಿನಕ್ಕೆ ಇಳಿದುಹೋಗಿದ್ದಳು. ಕಣ್ಣಿನ ಕೆಳಗೆ ಊದಿತ್ತು, ಎಣ್ಣೆ ಕಾಣದ ಕೂದಲು ಒಣಗಿ ಕೆದರಿತ್ತು. "ಏನು ಕೇಳ್ತೀಯ ತಮ್ಮ" ಎಂದು ಭಾಗ್ಯಲಕ್ಷ್ಮಿ ಚಹಾ ತರುತ್ತಲೇ ಶುರುಮಾಡಿದಳು. "ಬಂದ ದಿನ ಸೀದಾ ಹೊಳೆಗೆ ಹೋಗಿ ತಲೆಮೇಲೆ ನೀರು ಹಾಕ್ಕಂಡ್ಳು. ಒಂದು ತುತ್ತು ಮುಟ್ಟಲಿಲ್ಲ. ಹೊಳೆದಂಡೆಗೆ ಕುಂತು ಹಾಡಿ ಹಾಡಿ ಅತ್ತಳು ನೋಡು, ಬಟ್ಟೆ ಒಗಿಯೋರೆಲ್ಲ ಕೈಬಿಟ್ಟು ಬಂದು ಸಮಾಧಾನ ಮಾಡಿದ್ರು. ನಮ್ಮಪ್ಪ ಹೋದಾಗ್ಲೂ ಇಷ್ಟು ಅತ್ತಿರಲಿಲ್ಲ. ಅಷ್ಟು ಹಚ್ಚಿಕಂಡಿದ್ಳಾ ಮೈಲಪ್ಪಣ್ಣನ್ನ? ಅದಿರ್ಲಿ, ಏನಾಗಿತ್ತಂತೆ ಆತನಿಗೆ?"

"ಎದೆನೋವು" ಎಂದ ಅಂಜನಕುಮಾರ. "ಆಸ್ಪತ್ರೆಗೆ ಹಾಕಿದ್ರಾ?" "ದಾರಿಯಾಗೇ ಹೋಗಿಬಿಟ್ಟ." "ಜನ ಬಂದಿದ್ರಾ?" "ಬಂದಿದ್ರು." "ಹೆಂಡ್ತಿ ಹೆಂಗದಾಳೆ ಪಾಪ?" ಚಹಾ ಬಾಯಿ ಸುಟ್ಟಿತು. ಒಂದೊಂದು ಉತ್ತರಕ್ಕೂ ಮುದುಕನ ಎದೆಯ ಮೇಲೆ ಒಂದೊಂದು ಹಿಡಿ ಮಣ್ಣು ಬೀಳುತ್ತಿತ್ತು, ಹಾಕುತ್ತಿರುವವನು ತಾನು. ಇನ್ನೊಂದು ಪ್ರಶ್ನೆ ಬಂದರೆ ಎದ್ದು ಓಡಿಬಿಡುತ್ತೇನೆ ಅನ್ನಿಸುವಷ್ಟರಲ್ಲಿ ಓಬವ್ವ ನಡುವೆ ಬಾಯಿ ಹಾಕಿದಳು. "ಬಿಡೇ ಅವನ್ನ, ದಣಿದು ಬಂದಾನೆ." ಆಮೇಲೆ ಅವನ ಕಡೆ ತಿರುಗಿ, "ರೊಟ್ಟಿ ಸಾಕಾದ್ವಾ?" ಎಂದು ಕೇಳಿದಳು. "ಸಾಕಾದ್ವು." "ಮಕ್ಕಳು ತಿಂದ್ವಾ?" "ತಿಂದ್ವು ಅವ್ವ" ಎಂದ, ಇಲ್ಲದ ಮನೆಯ ಇಲ್ಲದ ಮಕ್ಕಳನ್ನು ಕಣ್ಣಮುಂದೆ ತಂದುಕೊಂಡು. "ಚಟ್ನಿಪುಡಿ ಖಾರ ಆಗಿತ್ತೇನೋ." "ಇಲ್ಲ. ಎಲ್ಲ ಖಾಲಿ ಮಾಡಿದ್ವು." "ಅಷ್ಟಾತಲ್ಲ, ಬಿಡು" ಎಂದು ಅವಳು ಮೊಣಕಾಲು ಹಿಡಿದು ಎದ್ದಳು. ಹೊರಡುವ ಮುಂಚೆ ಒಮ್ಮೆ ಹೊಳೆಗೆ ಹೋಗಿ ಕೈಮುಗಿದು ಬರೋಣ ಎಂದಳು.

ತುಂಗಭದ್ರೆ ಇಳಿದಿದ್ದಳು. ನಡುವೆ ಬಂಡೆಗಳು ಎದ್ದು, ನೀರು ಅವುಗಳನ್ನು ಸುತ್ತಿ ಸಣ್ಣಗೆ ಹರಿಯುತ್ತಿತ್ತು. ಯಾರೋ ಹಿಂದಿನ ದಿನ ಬಿಟ್ಟ ಹೂವಿನ ಹಾರ ಮೆಟ್ಟಿಲಿಗೆ ತಗುಲಿಕೊಂಡು ಅಲ್ಲೇ ತೇಲುತ್ತಿತ್ತು, ದೂರದ ಸೇತುವೆ ಮೇಲೆ ಲಾರಿಗಳ ಸದ್ದು. ಓಬವ್ವ ಕೆಳಗಿನ ಮೆಟ್ಟಿಲಲ್ಲಿ ಕೂತು, ಬೊಗಸೆಯಲ್ಲಿ ನೀರು ಎತ್ತಿ ಮತ್ತೆ ಹೊಳೆಗೇ ಬಿಟ್ಟಳು. ಮೂರು ಸಲ ಹಾಗೆ ಬಿಟ್ಟಳು. ಬದುಕಿರುವ ಮನುಷ್ಯನಿಗೆ ನೀರು ಬಿಡುತ್ತಿದ್ದಾಳೆ ಎಂದುಕೊಂಡ ಅಂಜನಕುಮಾರ. ಹೇಳಿಬಿಡಬೇಕು. ಹೇಳಿದರೆ ಅವಳು ಉಗಿಯಬಹುದು, ಓಣಿಗೆಲ್ಲ ಕೇಳುವ ಹಾಗೆ ಬಾಯಿ ಮಾಡಬಹುದು. ಆದರೆ ಅವಳ ಅಣ್ಣ ಅವಳಿಗೆ ವಾಪಸು ಸಿಗುತ್ತಾನೆ. ಬೇಕಾದರೆ ಈಗಲೇ ಕುಮಟಾಕ್ಕೆ ಯಾರಿಗಾದರೂ ಫೋನು ಹಚ್ಚಿ, ಮುದುಕನ ದನಿ ಕೇಳಿಸಬಹುದು. ಕೊಟ್ಟ ದುಃಖಕ್ಕಿಂತ ಆ ಸಂತೋಷ ದೊಡ್ಡದಾಗಲಾರದೇ? ಹೀಗೆ ಯೋಚಿಸುವಾಗಲೂ ಅದರಲ್ಲಿ ತನ್ನ ಲಾಭವನ್ನೇ ಹುಡುಕುತ್ತಿದ್ದೇನೆಂದು ಅವನಿಗೆ ಹೇಸಿಗೆಯಾಯಿತು.

"ಅವ್ವ," ಎಂದ, ಅವಳ ಹಿಂದೆ ನಿಂತು, ಮುಖ ಕಾಣದ ಕಡೆಯಿಂದ. "ಮೈಲಪ್ಪ ಸತ್ತಿಲ್ಲ. ಸುಳ್ಳು ಹೇಳಿದೆ. ನಾವು ಸಮುದ್ರ ನೋಡಾಕೆ ಹೋಗಿದ್ವಿ. ಆತ ಬದುಕ್ಯಾನೆ ಅವ್ವ."

ಓಬವ್ವ ತಿರುಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬದುಕಿಲ್ಲಪ್ಪ. ಮೈಲಣ್ಣ ಹೋಗಿ ಮೂರು ವರ್ಷ ಆತು."

ಅವನಿಗೆ ಅರ್ಥವಾಗಲಿಲ್ಲ. ಅವಳು ನೀರನ್ನೇ ನೋಡುತ್ತಾ, ಬೇರೆ ಯಾರದೋ ಮನೆಯ ಸುದ್ದಿ ಹೇಳುವಷ್ಟು ಮೆಲ್ಲಗೆ ಹೇಳಿದಳು. "ದಸರಾ ರಜೆ ಆವಾಗ. ಮಲೆಬೆನ್ನೂರಿನಿಂದ ಸುದ್ದಿ ಬಂತು. ನೀನು ಫೋನಿನಾಗೆ ಇದ್ದೆ. ಮೂರು ಗಾಡಿ ಕಳಸಬೇಕಾಗಿತ್ತು ನಿನಗೆ. ಮೈಲಣ್ಣ ಹೋದನಂತೆ ಕುಮಾರ, ನನ್ನ ಕರಕಂಡು ಹೋಗ್ತೀಯೇನು ಅಂದೆ. ಫೋನ್ ಮೇಲೆ ಕೈ ಮುಚ್ಚಿ, ಆತವ್ವ, ನೋಡಾಣ ಅಂದೆ ನೀನು. ನಾನು ಸೀರೆ ಉಟ್ಕಂಡು ಸಂಜೆ ಮಟ ಕುಂತಿದ್ದೆ. ಆವತ್ತೂ ರೊಟ್ಟಿ ಮಾಡಿದ್ದೆ. ಕೆಡ್ತಾವೆ ಅಂತ ರಾತ್ರಿ ನಿಮಗೇ ಬಡಿಸಿದೆ."

ಅವನಿಗೆ ಸಾವು ನೆನಪಾಗಲಿಲ್ಲ, ರೊಟ್ಟಿ ನೆನಪಾದವು. ಗಾಡಿಗಳೆಲ್ಲ ಸುಖವಾಗಿ ಹೊರಟ ಖುಷಿಯಲ್ಲಿ ಮನೆಗೆ ಬಂದು ತಟ್ಟೆಯ ಮುಂದೆ ಕೂತದ್ದು, ಏನವ್ವ ಇಷ್ಟೊಂದು ರೊಟ್ಟಿ, ಯಾರು ಬರ್ತಾರೆ ಎಂದು ಕೇಳಿದ್ದು, ಅವಳು ಯಾರೂ ಇಲ್ಲ ತಿನ್ನು ಎಂದದ್ದು. ಕುಮಟಾದಲ್ಲಿ ಟವೆಲು ಹೊದ್ದುಕೊಂಡು ತಾನು ಅಡಗಿ ಕೂತದ್ದು ಮೂರು ವರ್ಷದ ಹಿಂದೆ ಸತ್ತವನಿಗೆ ಹೆದರಿ. ಅವನು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಕೂತ.

"ಹಂಗಾದ್ರೆ ಮೊನ್ನೆ ನಾನು ಹೇಳಿದಾಗ..."

"ಸುಳ್ಳು ಅಂತ ಆಗಲೇ ತಿಳೀತು. ಸಮುದ್ರಕ್ಕೆ ಹೊರಟೀರಿ ಅಂತ ಚೈತ್ರಾನ ಮುಖ ನೋಡಿದ್ರೇ ತಿಳೀತಿತ್ತು. ದಾರಿಯಾಗೆ ಮಕ್ಕಳು ಹಸೀತಾವೆ ಅಂತ ರೊಟ್ಟಿ ಮಾಡಿದೆ."

"ಯಾಕ ಅವ್ವ? ಅವಾಗಲೇ ನನ್ನ ಮುಖಕ್ಕೆ ಉಗಿಯಬೇಕಿತ್ತು."

"ಉಗುದ್ರೆ ನೀನು ಒರಸ್ಕಂಡು ಹೋಗ್ತಿದ್ದೆ" ಎಂದಳು ಓಬವ್ವ. ಆ ಮಾತಿನಲ್ಲಿ ಕ್ಷಮೆಯೇನೂ ಇರಲಿಲ್ಲ. ಅವಳೇ ಮುಂದುವರಿಸಿದಳು. "ಅವಾಗ ನನಗೆ ಅಳಾಕೆ ಆಗಿರಲಿಲ್ಲಪ್ಪ. ಮನೆ ತುಂಬ ನಿಮ್ಮ ರಜಾ ಗದ್ದಲ. ಮೂರು ವರ್ಷ ಒಳಗೇ ಇಟ್ಕಂಡಿದ್ದೆ. ಯಾರ ಮುಂದೆ ಅಳ್ಲಿ, ಮೂರು ವರ್ಷದ ಹೆಣಕ್ಕೆ ಯಾರು ಅತ್ತಾರು? ಮೊನ್ನೆ ನೀನು ಸತ್ತ ಅಂದೆ ನೋಡು, ಆತು, ಈಗ ಅಳಬಹುದು ಅನ್ನಿಸ್ತು. ಭಾಗ್ಯಾಗೂ ನೆನಪಿಲ್ಲ. ಹೊಳೆಗೆ ಬಂದು ಹೊಟ್ಟೆ ತುಂಬ ಅತ್ತೆ. ನಿನ್ನ ಸುಳ್ಳಿನಿಂದ ನನಗೆ ಅಳಾಕೆ ಒಂದು ದಿನ ಸಿಕ್ತು."

ಅವನು ಅತ್ತ. ಮೆಟ್ಟಿಲು ಉಜ್ಜುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನೋಡಿ, ಸಾವಿನ ಜನ ಎಂದುಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು. ಓಬವ್ವ ಅವನನ್ನು ಮುಟ್ಟಲೂ ಇಲ್ಲ, ಸುಮ್ಮನಿರು ಎನ್ನಲೂ ಇಲ್ಲ. ಅತ್ತು ಮುಗಿಯುವವರೆಗೆ ಕಾದು, "ನಡಿ, ಭಾಗ್ಯಾಗೆ ಇದೆಲ್ಲ ಹೇಳಬ್ಯಾಡ" ಎಂದಳು.

ಕಾರಿನ ಹತ್ತಿರ ಬಂದಾಗ ಅವನು ಮುಂದಿನ ಬಾಗಿಲು ತೆಗೆದು ಹಿಡಿದ. ಅವಳು ಅದನ್ನು ನೋಡದವಳ ಹಾಗೆ ಹಿಂದಿನ ಬಾಗಿಲು ತೆಗೆದು ಹತ್ತಿದಳು. ಸೀಟಿನ ಮೂಲೆಯಲ್ಲಿ ಬುತ್ತಿಯ ಇಳಕಲ್ ತುಂಡು ಮುದ್ದೆಯಾಗಿ ಬಿದ್ದಿತ್ತು. ಅಷ್ಟೆಲ್ಲ ತೊಳೆಸಿದರೂ ಅದೊಂದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಅದನ್ನು ಬಿಡಿಸಿ ಕಿಟಕಿಯಾಚೆ ಕೊಡವಿದಳು, ಮರಳು ಉದುರಿತು. ಸೀಟಿಗೆ ಏನೂ ಆಗದಿರಲೆಂದು ಅದನ್ನೇ ತೊಡೆಯ ಮೇಲೆ ಹರವಿಕೊಂಡು, ಸೊಂಟದಿಂದ ನಿಂಬೆಹಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದಳು. ಹರಿಹರದಿಂದ ದಾವಣಗೆರೆಗೆ ಘಾಟಿಯೇನೂ ಇಲ್ಲ. "ಅವ್ವ, ಈಗಲೇ ಕುಮಟಾಕ್ಕೆ ಹೋಗಾಣ. ಹಿಂಗೇ ರಾಣೆಬೆನ್ನೂರು ಕಡೆ ತಿರುಗಿಸ್ತೀನಿ. ಇಬ್ಬರೇ. ನಿಧಾನಕ್ಕೆ ಹೋಗಾಣ" ಎಂದ, ಕನ್ನಡಿಯಲ್ಲಿ ಅವಳನ್ನು ಹುಡುಕುತ್ತಾ. "ಯಾರ ಮನೆಗೆ?" ಎಂದು ಅವಳು ಕೇಳಿದಳು. ಅವನು ದಾವಣಗೆರೆಯ ರಸ್ತೆಗೇ ಇಳಿದ.

ಊರು ದಾಟುವಾಗ ಫೋನು ಬಂತು. ಕಾರಿನ ಸ್ಪೀಕರಿನಲ್ಲೇ ಹೊರಟಿತು, ಯಾರೋ ಪರಿಚಯವಿಲ್ಲದ ಗಂಡಸಿನ ಉತ್ಸಾಹದ ದನಿ. "ಸರ್, ಕ್ರಿಸ್‌ಮಸ್ ರಜಾಕ್ಕೆ ಕುಮಟಾ, ಹೊನ್ನಾವರ ಕಡೆ ಹೋಗಬೇಕಂತ ಐತೆ. ನಮ್ಮ ತಾಯಿನೂ ಬರ್ತಾರೆ. ಅವರಿಗೆ ಘಾಟಿ ಸ್ವಲ್ಪ ಕಷ್ಟ. ದಾರಿ ಚೆನ್ನಾಗೈತಾ? ನೋಡಂಥ ಜಾಗ ಏನದಾವೆ ಹೇಳ್ರಿ." ಸಾವಿರ ಸಲ ಹೇಳಿದ ಮಾತು ಅವನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಮುಂದಿನ ಸೀಟು ಖಾಲಿ ಇತ್ತು. "ಹಲೋ? ಸರ್? ಕೇಳಿಸ್ತಾ ಐತಾ?"

"ಹೇಳು, ಪಾಪ ಕೇಳಾಕತ್ತಾನಲ್ಲ" ಎಂದಳು ಓಬವ್ವ ಹಿಂದಿನಿಂದ. "ಮುಂದಿನ ಸೀಟಿನಾಗೆ ಕೂಡ್ರಿಸು ಅಂತ ಹೇಳು, ಅವರವ್ವನ್ನ."

ಅವನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಕುಮಟಾ ದಾಟಿದ ಮೇಲೆ ಒಂದು ಏರು ಬರ್ತೈತಪ್ಪ" ಎಂದು ಅವಳೇ ಮುಂದೆ ಬಾಗಿ, ತಾನೊಮ್ಮೆಯೂ ನೋಡದ ದಾರಿಯನ್ನು ಆ ಅಪರಿಚಿತನಿಗೆ ಹೇಳತೊಡಗಿದಳು. "ಅಲ್ಲಿ ಒಂದ್ಸಲ ಹಾರನ್ ಹೊಡೀರಿ. ಸಮುದ್ರ ಎದ್ದು ನಿಲ್ತೈತೆ. ನಮ್ಮಣ್ಣ ಹೇಳ್ತಿದ್ದ."